ಒಲೆ ಹತ್ತದ ದಿನದ ಸಂಪಾದನೆ

ನಮ್ಮೂರಿನಲ್ಲಿ ಬೆಂಕಿಗೆ ಆಗಾಗ ಮುನಿಸು ಬರುತ್ತದೆ. ಬೆಳಿಗ್ಗೆ ಎದ್ದು ಕಡ್ಡಿ ಗೀರಿದರೆ ಕಡ್ಡಿ ಮುರಿಯುತ್ತದೆಯೇ ಹೊರತು ಹತ್ತುವುದಿಲ್ಲ. ಬೂದಿ ಮುಚ್ಚಿಟ್ಟ ಕೆಂಡ ಇದ್ದಿಲಾಗಿ ತಣ್ಣಗೆ ಕೂತಿರುತ್ತದೆ. ಅಂಥ ದಿನ ನಮ್ಮವರು ಯಾರನ್ನೂ ಬೈಯುವುದಿಲ್ಲ, ಎರಡನೆಯ ಕಡ್ಡಿಯನ್ನೂ ಗೀರುವುದಿಲ್ಲ. ಮುನಿದವರನ್ನು ಕೆಣಕಬಾರದು ಎಂಬುದು ಮನುಷ್ಯರಿಗೆ ಹೇಗೋ ಬೆಂಕಿಗೂ ಹಾಗೇ. ‘ಇವತ್ತು ಮುನಿದಿದೆ’ ಎಂದು ಈ ಬಾಗಿಲಿನಿಂದ ಆ ಬಾಗಿಲಿಗೆ ಒಂದು ಮಾತು ಹೋಗುತ್ತದೆ, ಅಷ್ಟೆ. ಕಮ್ಮಾರ ವೀರಾಚಾರಿ ತಿದಿಯ ಪಕ್ಕದಲ್ಲೇ ಚಾಪೆ ಹಾಸುತ್ತಾನೆ. ಬಸ್ಸಿನ ಹೊಟ್ಟೆಯೊಳಗಿನ ಬೆಂಕಿಯೂ ಬೆಂಕಿಯೇ ಆದ್ದರಿಂದ ಬಸ್ಸು ನಿಂತಲ್ಲೇ ನಿಲ್ಲುತ್ತದೆ, ಕೋಳಿಗಳು ಅದರ ಮೆಟ್ಟಿಲು ಹತ್ತಿ ಸೀಟು ಹಿಡಿಯುತ್ತವೆ. ಬೀಡಿ ಸೇದುವವರು ಮಧ್ಯಾಹ್ನದ ಹೊತ್ತಿಗೆ ಹೆಂಡಿರ ಮೇಲೆ ರೇಗುತ್ತಾರೆ. ಮದುವೆಯ ಮನೆಯಲ್ಲಿ ಹೋಮ ಮುಂದಕ್ಕೆ ಹೋಗಿ ಬೀಗರು ಉಳಿದುಕೊಳ್ಳುತ್ತಾರೆ. ಹುಡುಗಿಯ ಅಪ್ಪ ಗೋಡೆ ನೋಡುತ್ತಾ ಕೂರುತ್ತಾನೆ. ಆಮೇಲೆ ಯಾವಾಗಲೋ, ಯಾರದೋ ಮನೆಯ ಒಲೆಯಲ್ಲಿ ಚಟ್ ಎಂದು ಸದ್ದಾಗುತ್ತದೆ. ಬೆಂಕಿ ಬಂತು ಎಂದು ಮಕ್ಕಳು ಕೂಗುತ್ತಾ ಓಡುತ್ತವೆ.

ಅಂಥ ದಿನ ಊರಿಗೆ ಊಟ ಹಾಕುವುದು ನನ್ನ ಕಸುಬಾಗಿತ್ತು. ಅವ್ವನಿಂದ ಬಂದದ್ದು. ಒಗ್ಗರಣೆಯಿಲ್ಲದೆ ಕೋಸಂಬರಿ ಮಾಡಿ ಜನ ಬೆರಳು ಚೀಪುವಂತೆ ಮಾಡುವುದು ಸುಲಭವಲ್ಲ. ಹಸಿಮೆಣಸಿನಕಾಯಿಯನ್ನು ಕಲ್ಲುಪ್ಪಿನ ಜೊತೆ ತಿಕ್ಕಬೇಕು, ಹೆಚ್ಚಬಾರದು. ಶುಂಠಿಯನ್ನು ಕೊನೆಗೆ ಹಾಕಬೇಕು. ಹುಣಸೆ ಬೆಲ್ಲ ಕಿವುಚಿದ ಅವಲಕ್ಕಿ, ದೊಡ್ಡಪತ್ರೆಯ ತಂಬುಳಿ, ಮೊಸರಲ್ಲಿ ಕಲಸಿದ ಹುರಿಹಿಟ್ಟು, ಬಾಳೆಹಣ್ಣಿನ ರಸಾಯನ. ಇವನ್ನೆಲ್ಲ ಮಾಡಲು ಅರ್ಧ ದಿನ ಸಾಕು, ಆದರೆ ಸಿದ್ಧವಾಗಿರಲು ಪ್ರತಿ ದಿನವೂ ಬೇಕು. ಬೆಂಕಿ ಯಾವ ದಿನ ಮುನಿಯುತ್ತದೆಂದು ಯಾರಿಗೂ ಗೊತ್ತಿಲ್ಲದ್ದರಿಂದ ನಾನು ದಿನವೂ ಹೆಸರುಬೇಳೆ, ಕಡಲೆಬೇಳೆ ನೆನೆಹಾಕಿಯೇ ಮಲಗುತ್ತಿದ್ದೆ. ಬೆಳಿಗ್ಗೆ ಒಲೆ ಹತ್ತಿತೋ, ನೆನೆದದ್ದೆಲ್ಲ ನನಗೆ ಮತ್ತು ಹಸುವಿಗೆ. ಬಿಸಿ ಅನ್ನ ಸಿಗುವ ದಿನ ತಣ್ಣನೆಯದನ್ನು ಯಾರು ಕೇಳುತ್ತಾರೆ? ಈಗಲೂ, ಇದನ್ನು ಬರೆಯುತ್ತಾ ಕೂತಿರುವಾಗಲೂ, ಅಡುಗೆಮನೆಯಲ್ಲಿ ಒಂದು ಪಾತ್ರೆ ಬೇಳೆ ನೆನೆಯುತ್ತಿದೆ. ಅಭ್ಯಾಸ.

ಕೂಲಿ ಕೊಡುವ ರೀತಿಯೂ ನಮ್ಮಲ್ಲಿ ಬೇರೆ. ಬೆಂಕಿ ಇಲ್ಲದ ದಿನ ದುಡ್ಡು ಕೈ ಬದಲಾಗಬಾರದು, ಮನೆಗೆ ಒಳ್ಳೆಯದಲ್ಲ ಎನ್ನುತ್ತಾರೆ. ಬೆಂಕಿ ಮರಳಿದ ಮೇಲೆ, ಅವರವರ ಒಲೆಯಲ್ಲಿ ಮೊದಲು ಬೆಂದದ್ದನ್ನು ಒಂದು ಬಟ್ಟಲಿಗೆ ಹಾಕಿ, ಬಟ್ಟಲ ಕೆಳಗೆ ತೋಚಿದಷ್ಟು ದುಡ್ಡಿಟ್ಟು, ನನ್ನ ಜಗುಲಿಯ ಮೇಲೆ ಇಟ್ಟು ಹೋಗುತ್ತಾರೆ. ಅದನ್ನು ಯಾರೂ ಕೂಲಿ ಅನ್ನುವುದಿಲ್ಲ. ‘ಮಾದೇವಿಗೆ ಬಟ್ಟಲು ಕೊಟ್ಟು ಬಾ’ ಎಂದು ಮಕ್ಕಳನ್ನು ಕಳಿಸುತ್ತಾರೆ. ಬಟ್ಟಲು ಯಾರದೆಂದು ನಾನು ನೋಡುತ್ತಿದ್ದೆ, ತೊಳೆದು ವಾಪಸ್ಸು ಕೊಡಬೇಕಲ್ಲ. ಕೆಳಗಿನದು ಯಾರದು ಎಷ್ಟೆಂದು ನೋಡಿದವಳಲ್ಲ.

ನಮ್ಮ ಯಜಮಾನರು ಮುದ್ದಯ್ಯ ಬೆಟ್ಟದಾಚೆಯವರು. ಮಗ್ಗ ರಿಪೇರಿಗೆಂದು ನಮ್ಮೂರಿಗೆ ಬಂದಿದ್ದಾಗ ಬೆಂಕಿ ಮುನಿದು, ಬಸ್ಸು ನಿಂತು, ಹಸಿದುಕೊಂಡು ನನ್ನ ಜಗುಲಿಗೆ ಬಂದರು. ಅವರ ಕಡೆ ಬೆಂಕಿಗೆ ಮುನಿಯುವುದೇ ಗೊತ್ತಿಲ್ಲ. ತಿಂದು ಮುಗಿಸಿ, ಎಲೆ ಎತ್ತಿ, ಜೇಬಿನಿಂದ ದುಡ್ಡು ತೆಗೆದರು. ಸುತ್ತ ಕೂತವರೆಲ್ಲ ‘ಅಯ್ಯಯ್ಯೋ’ ಎಂದು ಕೈ ಹಿಡಿದುಕೊಂಡಾಗ ಆ ಮನುಷ್ಯನ ಮುಖ ನೋಡಬೇಕಿತ್ತು. ಬಟ್ಟಲಿನ ವಿಷಯ ಹೇಳಿದ ಮೇಲೆ, ‘ನನಗೆ ಇಲ್ಲಿ ಒಲೆಯೇ ಇಲ್ಲವಲ್ಲ, ಬಟ್ಟಲು ಎಲ್ಲಿಂದ ತರಲಿ?’ ಎಂದರು. ಮದುವೆ ಆಯಿತು.

ಆದರೆ ಬೆಟ್ಟದಾಚೆಯವರು ನಮ್ಮೂರಿನಲ್ಲಿ ಸಂಸಾರ ಹೂಡಬೇಕಾದರೆ ಗಡಿ ಕಚೇರಿಯಿಂದ ಸಂಗಾತಿ ವೀಸಾ ಬೇಕು. ಅದಿಲ್ಲದೆ ನೆಂಟರ ಹಾಗೆ ಬಂದು ನೆಂಟರ ಹಾಗೆ ಹೋಗಬೇಕು. ಊರಿನಲ್ಲಿರುವ ಹೆಂಡತಿಗೋ ಗಂಡನಿಗೋ ಸಂಸಾರ ಸಾಕುವಷ್ಟು ವರಮಾನವಿದೆ ಎಂದು ತೋರಿಸಬೇಕು. ಸಂಬಳದವರು ಒಂದು ಚೀಟಿ ತಂದರೆ ಮುಗಿಯಿತು. ನನ್ನಂಥವರಿಗೆ ಬೇರೆ ನಿಯಮ: ಹಿಂದಿನ ಹನ್ನೆರಡು ತಿಂಗಳಲ್ಲಿ ಯಾವ ತಿಂಗಳೂ ಬರಿದಾಗಿರಬಾರದು. ಕೊಟ್ಟವರು ಕಚೇರಿಗೆ ಬಂದು, ಉರಿಯುವ ದೀಪದ ಮುಂದೆ ಕೈಯಿಟ್ಟು, ಕೊಟ್ಟೆವು ಎಂದು ಹೇಳಬೇಕು. ದೀಪದ ಮುಂದೆ ಸುಳ್ಳು ಹೇಳಿದವರ ಮನೆಯ ಒಲೆ ಮತ್ತೆ ಹತ್ತುವುದಿಲ್ಲ ಎಂದು ನಮ್ಮೂರಿನಲ್ಲಿ ಎಳೆಮಕ್ಕಳಿಗೂ ಗೊತ್ತು.

ಕಚೇರಿಯ ವಾಮನಯ್ಯನವರು ಕೆಟ್ಟವರಲ್ಲ. ಕೋಟೆ ಬೀದಿಯವರು, ಬೆಂಕಿ ಮುನಿದ ದಿನ ಅವರೂ ನನ್ನ ಜಗುಲಿಯಲ್ಲಿ ಎಲೆ ಹಾಕಿಸಿಕೊಂಡವರೇ. ಅದನ್ನೇ ಹೇಳಿದೆ. “ನಿನ್ನ ಕೋಸಂಬರಿ ನಾನು ತಿಂದಿದೀನಿ ಮಾದೇವಿ, ಇಲ್ಲ ಅನ್ನಲ್ಲ. ಆದ್ರೆ ಫೈಲು ತಿಂದಿಲ್ವಲ್ಲ,” ಎಂದರು.

ಮೊದಲ ಸಲ ಅರ್ಜಿ ಹಾಕಿದಾಗ ಪಾರಿ ನನ್ನ ಹೊಟ್ಟೆಯಲ್ಲಿದ್ದಳು. ಸಾಕ್ಷಿಗೆ ಪಕ್ಕದ ಮನೆಯ ತಾಯಮ್ಮತ್ತೆಯನ್ನು ಕರೆದುಕೊಂಡು ಹೋದೆ. ಅವ್ವ ಹೋದ ಮೇಲೆ ನನಗೆ ತಲೆ ಬಾಚಿದವಳು, ಬೈದವಳು, ಸೀರೆ ಉಡಲು ಕಲಿಸಿದವಳು ಅವಳೇ. ಜರಿಯಂಚಿನ ಸೀರೆ ಉಟ್ಟು, ಮದುವೆಗೆ ಹೊರಟವಳಂತೆ ಬಂದಿದ್ದಳು.

“ಊಟಕ್ಕೆ ಈಕೆಗೆ ದುಡ್ಡು ಕೊಡ್ತೀರೇನಮ್ಮಾ?” ವಾಮನಯ್ಯನವರು ಕೇಳಿದರು.

ತಾಯಮ್ಮತ್ತೆ ದೀಪದ ಮುಂದೆ ಕೈಯಿಟ್ಟು, ಎದೆಯೆತ್ತಿ ಹೇಳಿದಳು: “ದುಡ್ಡಾ? ಬಿಡ್ತು ಅನ್ನಿ ಸ್ವಾಮಿ! ಅನ್ನ ಹಾಕೋ ಕೈಗೆ ದುಡ್ಡು ಕೊಡ್ತಾರಾ ಯಾರಾದ್ರೂ? ಇವಳು ನಮ್ಮನೆ ಮಗಳಿದ್ದಂಗೆ. ಒಂದು ಕಾಸು ಇವಳ ಕೈಗೆ ಇಟ್ಟಿಲ್ಲ ನಾನು, ಈ ದೀಪದಾಣೆಗೂ!”

ಅವಳು ಹೇಳಿದ್ದು ನಿಜವೇ. ಕೈಗೆ ಇಟ್ಟಿರಲಿಲ್ಲ, ಬಟ್ಟಲ ಕೆಳಗೆ ಇಟ್ಟಿದ್ದಳು. ವಾಮನಯ್ಯನವರು ಕನ್ನಡಕ ತೆಗೆದು ಒರೆಸಿಕೊಂಡರು, ನನ್ನನ್ನು ನೋಡಿದರು, ಬರೆದರು. ದೀಪದ ಮುಂದೆ ಆಡಿದ ಮಾತು ತಿದ್ದುವಂತಿಲ್ಲ. ಅರ್ಜಿ ಬಿತ್ತು. ಮೆಟ್ಟಿಲಿಳಿಯುವಾಗ ತಾಯಮ್ಮತ್ತೆ, “ಹೆಂಗೆ ಹೇಳ್ದೆ ನೋಡು!” ಎಂದು ನನ್ನ ಬೆನ್ನು ತಟ್ಟಿದಳು. ಅವಳು ಮನೆಗೆ ಹೋಗಿ ಪಲ್ಯಕ್ಕೆ ಹೆಚ್ಚುತ್ತಾ ಕೂತಾಗ, ಅವಳ ಮಾತಿನಿಂದಲೇ ಅರ್ಜಿ ಬಿತ್ತೆಂದು ವೀರಾಚಾರಿ ತಿಳಿಸಿದನಂತೆ. ಅವಳು ಅವತ್ತು ನನ್ನ ಮನೆಗೆ ಬರಲಿಲ್ಲ, ಮರುದಿನವೂ ಬರಲಿಲ್ಲ. ಆಮೇಲೆ ಬಂದಾಗ ಬಾಗಿಲಲ್ಲೇ ನಿಂತು, “ಬಾಯಿಗೆ ಬೀಗ ಹಾಕ್ಕೊಂಡು ಹುಟ್ಟಬೇಕಿತ್ತು ಕಣೇ ನಾನು,” ಎಂದಳು.

“ಒಳಗೆ ಬಾ ಅತ್ತೆ. ಕಾಫಿ ಆರುತ್ತೆ,” ಎಂದೆ.

ಪಾರಿ ಹುಟ್ಟಿದಳು. ಯಜಮಾನರು ನೆಂಟರ ಹಾಗೆ ಬಂದು, ಕೂಸನ್ನು ಎತ್ತಿಕೊಳ್ಳಲು ಕಲಿಯುವಷ್ಟರಲ್ಲಿ ವಾಪಸ್ಸು ಹೋಗಬೇಕಾಯಿತು. ಮುಂದಿನ ಸಲ ಬಂದಾಗ ಮಗು ಅವರನ್ನು ನೋಡಿ ಚೀರಿತು. ಗುರುತು ಹಿಡಿಯುವ ಹೊತ್ತಿಗೆ ಮತ್ತೆ ಹೊರಟರು. ಬಸ್ಸಿನ ಕಿಟಕಿಯಲ್ಲಿ ಅವರ ಮುಖ ಹೇಗಿತ್ತೆಂದರೆ, ನಾನು ಪಾರಿಯ ಟೋಪಿ ಸರಿಮಾಡುವ ನೆಪದಲ್ಲಿ ತಲೆ ಬಗ್ಗಿಸಿದೆ.

ಎರಡನೆಯ ಅರ್ಜಿಗೆ ತಿಂಗಳು ಕೂಡಿಸುತ್ತಾ ಬಂದೆ. ಈಗ ಬೀದಿಯವರಿಗೆಲ್ಲ ನಿಯಮ ಬಾಯಿಪಾಠವಾಗಿತ್ತು. ‘ಬಟ್ಟಲ ಕೆಳಗಿರೋದನ್ನ ಏನಂತಾರೆ?’ ಎಂದು ವೀರಾಚಾರಿ ದಾರಿಯಲ್ಲಿ ಸಿಕ್ಕವರನ್ನೆಲ್ಲ ನಿಲ್ಲಿಸಿ ಕೇಳುತ್ತಿದ್ದ. ‘ದುಡ್ಡು’ ಎನ್ನದವರನ್ನು ಬಿಡುತ್ತಿರಲಿಲ್ಲ. ಪ್ರತಿ ತಿಂಗಳೂ ಒಂದಲ್ಲ ಒಂದು ದಿನ ಬೆಂಕಿ ಮುನಿಯಿತು, ಜನ ಬಂದರು, ಬಟ್ಟಲುಗಳು ಬಂದವು. ಉಳಿದದ್ದು ಕೊನೆಯ ತಿಂಗಳೊಂದೇ. ಆ ತಿಂಗಳು ಬೆಂಕಿ ಎಷ್ಟು ಒಳ್ಳೆಯ ಮಗುವಾಯಿತೆಂದರೆ, ಒದ್ದೆ ಸೌದೆಯೂ ಕೈಯಿಟ್ಟೊಡನೆ ಹತ್ತುತ್ತಿತ್ತು.

ಆ ದಿನಗಳಲ್ಲಿ ನನ್ನ ಮನಸ್ಸಿಗೆ ಏನೋ ಆಯಿತು. ಬೆಳಿಗ್ಗೆ ಕಡ್ಡಿ ಗೀರುವಾಗ, ಹತ್ತಬೇಡ ಹತ್ತಬೇಡ ಎಂದುಕೊಳ್ಳುತ್ತಿದ್ದೆ. ಹತ್ತಿದಾಗ ಅದರ ಮೇಲೆ ಸಿಟ್ಟು. ಪಾರಿಗೆ ಹಾಲು ಕಾಯಿಸಬೇಕಾದವಳು ನಾನೇ. ಸಾಲದ್ದಕ್ಕೆ ಪಕ್ಕದಲ್ಲಿ ತಾಯಮ್ಮತ್ತೆಯ ಸೊಸೆ ಬಾಣಂತಿ. ಆ ಮನೆಯಲ್ಲಿ ದಿನವೂ ಹಂಡೆ ಬಿಸಿನೀರು ಬೇಕು, ಕೂಸಿಗೆ ಸಾಂಬ್ರಾಣಿ ಹೊಗೆ ಬೇಕು. ಅವರ ಬಚ್ಚಲ ಹೊಗೆಗೂಡಿನಿಂದ ಹೊಗೆ ಏಳುವುದನ್ನು ನೋಡುತ್ತಾ, ಇದು ಆರಲಿ ಎಂದು ಬೇಡಿಕೊಂಡೆ. ಬೇಡಿಕೊಂಡದ್ದು ತಿಳಿದೊಡನೆ ಕೈಯಲ್ಲಿದ್ದ ಬೇಳೆಯ ಪಾತ್ರೆ ಕೆಳಗಿಟ್ಟು ಕಣ್ಣಿಗೆ ನೀರು ಹಾಕಿಕೊಂಡೆ. ಯಾರಿಗೂ ಹೇಳಲಿಲ್ಲ. ಆದರೆ ನೆನೆದ ಬೇಳೆಯನ್ನು ದಿನವೂ ಹಸುವಿಗೆ ಹಾಕುವಾಗ ನನ್ನ ಮುಖ ಹೇಗಿರುತ್ತಿತ್ತೆಂದು ಗೋಡೆಯಾಚೆಯಿಂದ ತಾಯಮ್ಮತ್ತೆ ನೋಡುತ್ತಿದ್ದಳೆಂದು ಕಾಣುತ್ತದೆ.

ತಿಂಗಳ ಕೊನೆಯ ದಿನ ಬೆಳಿಗ್ಗೆ, ನಾನು ಇನ್ನೂ ಒಲೆಯ ಬಳಿ ಹೋಗಿರಲಿಲ್ಲ, ತಾಯಮ್ಮತ್ತೆ ಬಾಗಿಲು ತಳ್ಳಿಕೊಂಡು ಬಂದಳು.

“ಒಲೆಗೆ ಕೈ ಹಾಕ್ಬೇಡ ಮಾದೇವಿ. ಮುನಿದಿದೆ. ನಾನು ಗೀರಿ ನೋಡಿದೆ, ವೀರಾಚಾರಿನೂ ನೋಡ್ದ. ಬೇಳೆ ನೆನೆಹಾಕಿದೀಯ ತಾನೇ? ಬೇಗ ಬೇಗ, ಜನ ಬರ್ತಾರೆ.”

ಮೆಣಸಿನಕಾಯಿ ತಿಕ್ಕಿದೆ, ಕಾಯಿ ತುರಿದೆ, ಅವಲಕ್ಕಿ ತೊಳೆದೆ. ಕುಲುಮೆಯ ಸದ್ದಿರಲಿಲ್ಲ. ಬೀದಿ ಮೌನವಾಗಿತ್ತು. ಹಿತ್ತಲಿಗೆ ಹೋದರೆ, ಕೋಟೆ ಬೀದಿಯ ಕಡೆ ಏನೂ ಕಾಣದ ಹಾಗೆ ತಾಯಮ್ಮತ್ತೆ ತನ್ನ ಮನೆಯ ಕಂಬಳಿಗಳನ್ನೆಲ್ಲ ಹಗ್ಗದ ಮೇಲೆ ಸಾಲಾಗಿ ಒಣಹಾಕಿದ್ದಳು. ಒಗೆಯುವ ದಿನವಲ್ಲವಲ್ಲ ಎಂದುಕೊಂಡೆನೇ ಹೊರತು ನಿಂತು ಯೋಚಿಸಲಿಲ್ಲ.

ಜನ ಬಂದರು. ಎಂದಿಗಿಂತ ಹೆಚ್ಚು ಜನ. ಎಲೆ ಹಾಕಿದೆ. ತಾಯಮ್ಮತ್ತೆ ಎಲ್ಲರಿಗಿಂತ ಮುಂದೆ ಕೂತಿದ್ದಳು. ಅವಳ ಎಲೆಗೆ ಕೋಸಂಬರಿ ಬಡಿಸಲು ಬಗ್ಗಿದಾಗ ಅವಳು ಸೊಂಟದ ಚೀಲ ಬಿಚ್ಚಿ, ನನ್ನ ಎಡಗೈ ಹಿಡಿದು, ಅಂಗೈಯಲ್ಲಿ ದುಡ್ಡಿಟ್ಟು, ಬೆರಳು ಮಡಿಸಿದಳು. “ಕೈಗೇ ಕೊಡ್ತಾ ಇದೀನಿ. ಎಲ್ರೂ ನೋಡಿ. ಈ ಸಲ ನನ್ನ ಬಾಯಲ್ಲಿ ಎಡವಟ್ಟು ಬರಬಾರದು,” ಎಂದಳು. ಅವಳ ಹಿಂದೆ ವೀರಾಚಾರಿ ಕೊಟ್ಟ. ಅವನ ಹಿಂದಿನವರೂ ಕೊಟ್ಟರು. ಯಾರೂ ‘ಅಯ್ಯಯ್ಯೋ’ ಎನ್ನಲಿಲ್ಲ.

ನಮ್ಮೂರಿನಲ್ಲಿ ಹುಟ್ಟಿದ ಯಾರೂ ಬೆಂಕಿ ಮುನಿದ ದಿನ ಹಾಗೆ ದುಡ್ಡು ಕೊಡುವುದಿಲ್ಲ. ಮನೆಯಲ್ಲಿ ಬಾಣಂತಿಯಿರುವ ತಾಯಮ್ಮತ್ತೆಯಂತೂ ಕತ್ತು ಕುಯ್ದರೂ ಕೊಡುವವಳಲ್ಲ. ನಾನು ಅವಳ ಮುಖ ನೋಡಿದೆ. ಅವಳು ಎಲೆ ನೋಡುತ್ತಿದ್ದಳು. ಅವಳ ಸೆರಗಿನಿಂದ ಆಗತಾನೇ ಹಾಕಿದ ಸಾಂಬ್ರಾಣಿಯ ವಾಸನೆ ಬರುತ್ತಿತ್ತು. ವೀರಾಚಾರಿಯ ಹಣೆಯ ಮೇಲೆ ಹಸಿ ಮಸಿ ಇತ್ತು.

ಉಪ್ಪು ತರುತ್ತೇನೆಂದು ಒಳಗೆ ಹೋದೆ. ಪಾರಿ ಅಡುಗೆಮನೆಯಲ್ಲಿ ಸೌಟು ಹಿಡಿದು ಕೂತಿದ್ದಳು. ಬಾಗಿಲು ಮುಂದೆ ಮಾಡಿ, ಬೆಂಕಿಪೊಟ್ಟಣ ತೆಗೆದು, ಒಂದು ಕಡ್ಡಿ ಗೀರಿದೆ. ಚುರ್ರೆಂದು ಹತ್ತಿತು. ಪಾರಿ ಅದನ್ನು ನೋಡಿ ಕೇಕೆ ಹಾಕಿ ನಕ್ಕಳು. ಹೊರಗೆ ಕೂತವರು ಕೇಳಿಸಿಕೊಂಡಾರೆಂದು ನಾನು ಅವಳ ಬಾಯಿಗೆ ಬೆಲ್ಲದ ಚೂರು ಇಟ್ಟೆ. ಕಡ್ಡಿ ನನ್ನ ಬೆರಳಿನವರೆಗೂ ಉರಿಯಿತು. ಊದಿ ಆರಿಸಿದೆ. ಉಪ್ಪು ತೆಗೆದುಕೊಂಡು ಹೊರಗೆ ಬಂದು, ಎರಡನೆಯ ಸಲ ಬಡಿಸಿದೆ.

“ಚೆನ್ನಾಗಿ ಕಲಸಿದೀಯ ಇವತ್ತು,” ಎಂದ ವೀರಾಚಾರಿ. “ಆದ್ರೂ ಹಾಳು ಬೆಂಕಿ, ಇವತ್ತೇ ಮುನೀಬೇಕಾ? ನಂಗೆ ನಾಳೆಗೆ ಎರಡು ನೇಗಿಲ ಗುಳ ಕೊಡೋದಿತ್ತು.”

“ನಿನ್ನ ನಾಟಕ ಸಾಕು, ತಿನ್ನು,” ಎಂದು ತಾಯಮ್ಮತ್ತೆ ಅವನ ತೊಡೆಗೆ ತಿವಿದಳು. ನಾನು ನೋಡದವಳಂತೆ ತಂಬುಳಿ ಬಡಿಸಿದೆ. ಅಷ್ಟು ಜನ, ತಮ್ಮ ತಮ್ಮ ಒಲೆಗಳನ್ನು ತಾವೇ ಆರಿಸಿ ಬಂದು, ಹಲ್ಲು ಜುಮ್ಮೆನ್ನುವ ತಂಬುಳಿ ಸುರಿಯುತ್ತಾ ಕೂತಿದ್ದರು. ಅವತ್ತು ಮಧ್ಯಾಹ್ನದ ಬಿಸಿಲು ಜಗುಲಿಯ ಮೇಲೆ ಹೇಗೆ ಬಿದ್ದಿತ್ತೆಂದು ಇವತ್ತಿಗೂ ನಾನು ತೋರಿಸಬಲ್ಲೆ.

ವಿಚಾರಣೆಯ ದಿನ ತಾಯಮ್ಮತ್ತೆ ಮತ್ತೆ ಜರಿಯಂಚಿನ ಸೀರೆ ಉಟ್ಟಳು. ಪಾರಿ ನನ್ನ ಕಂಕುಳಲ್ಲಿದ್ದಳು. ಹನ್ನೊಂದು ತಿಂಗಳಿನದ್ದು ಸಲೀಸಾಗಿ ಹೋಯಿತು. ಬಟ್ಟಲ ಕೆಳಗಿರುವುದು ದುಡ್ಡು, ಊಟಕ್ಕೆ ಕೊಟ್ಟದ್ದು ಎಂದು ಅವಳು ಮಗ್ಗಿ ಒಪ್ಪಿಸಿದ ಹಾಗೆ ಹೇಳಿದಳು. ಕೊನೆಯ ತಿಂಗಳಿಗೆ ಬಂದಾಗ ವಾಮನಯ್ಯನವರು ಪೆನ್ನು ಕೆಳಗಿಟ್ಟರು.

“ಈ ತಿಂಗಳು ಬೆಂಕಿ ಯಾವತ್ತು ಮುನಿದಿತ್ತು?”

“ಕೊನೇ ದಿನ ಸ್ವಾಮಿ,” ತಾಯಮ್ಮತ್ತೆ ಕೂತಲ್ಲಿಂದಲೇ ಹೇಳಿದಳು.

“ನಮ್ಮನೇಲಿ ಅವತ್ತು ಹೋಳಿಗೆ ಮಾಡಿದ್ರು.” ಅವರು ತಾಯಮ್ಮತ್ತೆಯನ್ನಲ್ಲ, ನನ್ನನ್ನು ನೋಡುತ್ತಿದ್ದರು. “ನೋಡಮ್ಮಾ, ಕೇಳೋದು ನನ್ನ ಕೆಲಸ. ಸುಳ್ಳು ಅರ್ಜಿ ಅಂತಾದ್ರೆ ಮುಂದೆ ಯಾವತ್ತೂ ಇನ್ನೊಂದು ಅರ್ಜಿ ತಗೊಳ್ಳೋಕಾಗಲ್ಲ. ತಾಯಮ್ಮನೋರೇ, ದೀಪದ ಮುಂದೆ ಕೈಯಿಟ್ಟು ಹೇಳಿ. ಅವತ್ತು ಬೆಂಕಿ ಮುನಿದಿತ್ತಾ?”

ತಾಯಮ್ಮತ್ತೆ ಎದ್ದಳು. ಅವಳ ಕೈ ದೀಪದ ಕಡೆ ಹೋಗುತ್ತಿತ್ತು. ಅವಳ ಮನೆಯ ಹಂಡೆ ನನ್ನ ಕಣ್ಣ ಮುಂದೆ ಬಂತು, ಆ ಎಳೆ ಬಾಣಂತಿ, ಅವಳ ಮಡಿಲಿನ ಕೂಸು. ಇನ್ನೊಂದು ಕಡೆ ಬಸ್ಸಿನ ಕಿಟಕಿಯಲ್ಲಿ ಕಂಡ ಮುಖ.

“ಇಲ್ಲ,” ಎಂದೆ. “ಮುನಿದಿರಲಿಲ್ಲ ಸ್ವಾಮಿ. ನಾನೇ ಕಡ್ಡಿ ಗೀರಿ ನೋಡಿದೀನಿ. ಹತ್ತಿತು. ಅತ್ತೇ, ಕೈ ತೆಗಿ.”

ತಾಯಮ್ಮತ್ತೆ ತಿರುಗಿ ನನ್ನನ್ನು ನೋಡಿದಳು. “ನಿಂಗೆ ಗೊತ್ತಿತ್ತಾ?”

“ಗೊತ್ತಿತ್ತು.”

“ಗೊತ್ತಿದ್ದೂ ಬಡಿಸಿದ್ಯಾ, ಮೂದೇವಿ? ನಾನು ಎರಡು ಸಲ ಆ ತಂಬುಳಿ ಕುಡಿದೆನಲ್ಲೇ! ಮೂರು ದಿನ ಗಂಟಲು ಕಟ್ಟಿತ್ತು ನಂಗೆ!”

ವಾಮನಯ್ಯನವರು ಕೆಮ್ಮಿದರು. ನಿಯಮದ ಕಾಗದ ತೆಗೆದು ಮೊದಲಿನಿಂದ ಓದಿದರು. ಪಾರಿ ಅವರ ಮೇಜಿನ ಮೇಲಿದ್ದ ಮಸಿದಾನಿಗೆ ಕೈ ಚಾಚಿದಳು, ನಾನು ಹಿಂದಕ್ಕೆ ಎಳೆದುಕೊಂಡೆ. ಮುಗಿಯಿತು ಎಂದುಕೊಂಡೆ. ಯಜಮಾನರಿಗೆ ಏನೆಂದು ಬರೆಯಲಿ ಎಂದುಕೊಂಡೆ.

“ಅಲ್ಲ ತಾಯಮ್ಮನೋರೇ,” ಎಂದರು ಕೊನೆಗೆ. “ಮನೇಲಿ ಬೆಂಕಿ ಇತ್ತು, ಒಲೆ ಇತ್ತು. ಮತ್ತೆ ಈಕೆ ಹತ್ರ ಯಾಕೆ ತಿಂದ್ರಿ?”

“ಹಸಿವಾಗಿತ್ತು, ತಿಂದೆ.”

“ದುಡ್ಡು?”

“ಕೈಗೇ ಕೊಟ್ಟೆ. ಬಟ್ಟಲೂ ಇಲ್ಲ, ಗಿಟ್ಟಲೂ ಇಲ್ಲ. ಕೇರಿಯೋರೆಲ್ಲ ಕೊಟ್ರು, ಎಲ್ರೂ ನೋಡಿದಾರೆ.”

“ಇದನ್ನ ದೀಪದ ಮುಂದೆ ಹೇಳ್ತೀರಾ?”

“ಒಂದ್ಯಾಕೆ, ಎರಡೂ ಕೈ ಇಡ್ತೀನಿ!” ಇಟ್ಟಳು. ದೀಪ ಅಲುಗಲಿಲ್ಲ.

ವಾಮನಯ್ಯನವರು ಪೆನ್ನು ಎತ್ತಿಕೊಂಡರು. “ತಿಂಗಳು ಬರಿದಾಗಿರಬಾರದು ಅಂತ ನಿಯಮ ಹೇಳುತ್ತೆ. ಬೆಂಕಿ ಇರಬಾರದು ಅಂತ ಎಲ್ಲೂ ಹೇಳಲ್ಲ. ಒಲೆ ಇರೋರೂ ದುಡ್ಡು ಕೊಟ್ಟು ತಿಂತಾರೆ ಅಂದ್ರೆ, ಅದಕ್ಕಿಂತ ಗಟ್ಟಿ ವರಮಾನ ಯಾವುದಮ್ಮಾ?” ಎಂದು ಬರೆಯುತ್ತಾ ಹೋದರು. ಬರೆದು, ಮುದ್ರೆ ಒತ್ತಿ, ತಲೆ ಎತ್ತದೆ, “ಗಂಡನಿಗೆ ಬರೋಕೆ ಹೇಳು. ಚಳಿಗಾಲ ಬರ್ತಿದೆ, ಕಂಬಳಿ ತರಬೇಕಾಗಿಲ್ಲ ಅನ್ನು. ನಿಮ್ಮ ಬೀದೀಲಿ ಬೇಕಾದಷ್ಟಿವೆ, ನಮ್ಮನೆ ಮಾಳಿಗೆಯಿಂದ ಕಾಣಿಸ್ತಿತ್ತು,” ಎಂದರು.

ಯಜಮಾನರು ಬಂದ ದಿನ ಊರಿನ ಬೆಂಕಿ ಚೆನ್ನಾಗಿತ್ತು. ಎಲ್ಲರ ಮನೆಯಿಂದಲೂ ಏನೇನೋ ಬಂತು. ತಾಯಮ್ಮತ್ತೆ ಬಿಸಿ ಬಿಸಿ ಸಾರು ತಂದು ಸುರಿದಳು, ನಾನು ಬೆಳಿಗ್ಗೆಯೇ ಕಲಸಿಟ್ಟ ಅವಲಕ್ಕಿಯೂ ಇತ್ತು. ‘ಅಳಿಯನಿಗೆ ತಣ್ಣಗಿನ್ದು ಹಾಕ್ತಾಳಲ್ಲಪ್ಪಾ ಇವಳು’ ಎಂದು ಬೀದಿಯವರು ನನ್ನನ್ನು ಆಡಿಕೊಂಡರು. ಯಜಮಾನರು ಎಲೆಯ ಮುಂದೆ ಕೂತರು. ಪಾರಿ ಬೆಳಿಗ್ಗೆಯಿಂದ ನನ್ನ ಸೀರೆಯ ನೆರಿಗೆ ಬಿಟ್ಟಿರಲಿಲ್ಲ. ಅವರು ಕರೆಯಲಿಲ್ಲ, ಕೈ ಚಾಚಲಿಲ್ಲ. ಅವಸರವಿಲ್ಲದ ಮನುಷ್ಯನ ಹಾಗೆ ತಲೆ ಬಗ್ಗಿಸಿ ಕಲಸುತ್ತಿದ್ದರು. ನೆರಿಗೆಯ ಮೇಲಿನ ಬಿಗಿ ಸಡಿಲವಾಯಿತು. ನೋಡಿದರೆ, ಪುಟ್ಟ ಪುಟ್ಟ ಹೆಜ್ಜೆ ಹಾಕಿಕೊಂಡು ಹೋಗಿ, ಎಲೆಯ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು, ಬಾಯಿ ತೆರೆದಿದ್ದಳು. ಅವರು ಗಾಬರಿಯಿಂದ ನನ್ನ ಕಡೆ ನೋಡಿದರು.

“ಕೊಡಿ,” ಎಂದೆ.

ಆ ಮೊದಲ ತುತ್ತು ಬಿಸಿಯಿತ್ತೋ ತಣ್ಣಗಿತ್ತೋ, ನೆನಪು ಮಾಡಿಕೊಳ್ಳಲು ನೋಡುತ್ತೇನೆ. ನೆನಪಾಗುವುದಿಲ್ಲ.